ಬಿಸಿಯಾದರೆ ಮಿಸ್ ಹೊಡೆಯುವ ಎಂಜಿಬಿ ಜಿಟಿ: ಇದನ್ನೇ ತಗೊಳ್ಳಲಾ, ಎಂಎಕ್ಸ್-5 ನೋಡಲಾ, 944 ಕಡೆ ಹೋಗಲಾ?

ಗೇರ್‌ಪ್ರಿಯ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ. ಇಂಗ್ಲೆಂಡಿಗೆ ಬಂದಾಗಿನಿಂದ ಒಂದು ಹಳೇ ಸ್ಪೋರ್ಟ್ಸ್ ಕಾರು ತಗೊಳ್ಳುವ ಆಸೆ. ಈಗ ಮೂರು ಕಾರು ಕಣ್ಣಲ್ಲಿವೆ: ಎಂಜಿಬಿ ಜಿಟಿ, ಮಜ್ದಾ ಎಂಎಕ್ಸ್-5, ಪೋರ್ಶೆ 944. ಮನಸ್ಸು ಮಾತ್ರ ಎಂಜಿಬಿ ಮೇಲೇ ಇದೆ.

ಅದನ್ನು ಓಡಿಸಿಯೂ ನೋಡಿದೆ. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್. ಅರ್ಧ ಗಂಟೆ ಚೆನ್ನಾಗಿ ಹೋಯಿತು. ಆಮೇಲೆ ಜಗ್ಗಲು ಶುರು, ಎರಡು ಸಲ ಕೆಮ್ಮಿ ನಿಂತೇ ಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಓಡಿತು. ಮಾರುವವರು "ಹಳೇ ಕಾರು ಅಂದರೆ ಹೀಗೇ" ಅನ್ನುತ್ತಾರೆ. ಇದು ಸಣ್ಣ ರಿಪೇರಿಯಾ, ಇಂಜಿನ್ನೇ ಹೋಗಿದೆಯಾ? ಸಣ್ಣದಾದರೆ ನಾಳೆಯೇ ಅಡ್ವಾನ್ಸ್ ಕೊಡುತ್ತೇನೆ. ದೊಡ್ಡದಾದರೆ ಉಳಿದ ಎರಡರಲ್ಲಿ ಯಾವುದು?

ಟ್ವಿನ್‌ಎಸ್‌ಯು:
ವೇಪರ್ ಲಾಕ್, ಅಂದರೆ ಕಾವಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಇಂಜಿನ್ನಿಗೆ ತಲುಪದಿರುವುದು. ಬೇರೆ ಏನೂ ಅಲ್ಲ. ಎಂಜಿಬಿಯಲ್ಲಿ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮತ್ತು ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇಂಜಿನ್ನಿನ ಒಂದೇ ಬದಿಯಲ್ಲಿವೆ. ಕೆಳಗಿನ ಕಾವೆಲ್ಲ ನೇರ ಪೆಟ್ರೋಲಿಗೆ ಏರುತ್ತದೆ. ಅದರ ಮೇಲೆ, 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಬಂಕುಗಳಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ ಇ10, ಹತ್ತು ಪರ್ಸೆಂಟ್‌ವರೆಗೆ ಎಥನಾಲ್ ಬೆರೆತದ್ದು. ಇದು ಬೇಗ ಆವಿಯಾಗುತ್ತದೆ, ಹಳೇ ರಬ್ಬರ್ ಪೈಪುಗಳನ್ನೂ ತಿನ್ನುತ್ತದೆ. ಸೂಪರ್ ಅಂತ ಕೊಡುವ, ಎಥನಾಲ್ ಕಡಿಮೆ ಇರುವ ಇ5 ಹಾಕಿಸಿ, ಹೀಟ್ ಶೀಲ್ಡ್ ಇದೆಯಾ ನೋಡಿ, ಪೈಪ್ ಬದಲಾಯಿಸಿ. ಮುಗಿಯಿತು.

ತುಕ್ಕುವೈರಿ:
ಗೇರ್‌ಪ್ರಿಯ ಅವರೇ, ಮೊದಲು ಇಷ್ಟು ಹೇಳಿ. ಮೂರೂ ಕಾರು ಯಾವ ವರ್ಷದವು? ಎಲ್ಲಿ ನಿಲ್ಲಿಸುತ್ತೀರಿ, ಗ್ಯಾರೇಜಿನಲ್ಲಾ, ರಸ್ತೆಯಲ್ಲಾ? ದಿನಾ ಓಡಿಸುತ್ತೀರಾ, ಭಾನುವಾರಕ್ಕೆ ಮಾತ್ರವಾ?

ಇಂಜಿನ್ ಬಗ್ಗೆ ಈಗಲೇ ಚಿಂತೆ ಬೇಡ. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಎಲ್ಲ ಭಾರ ಹೊರುತ್ತದೆ, ಅದರಲ್ಲೂ ಬಾಗಿಲ ಕೆಳಗಿನ ಸಿಲ್. ಹೊರಗಿನ ಸಿಲ್, ಒಳಗಿನದು, ನಡುವೆ ಒಂದು ತಗಡು, ಅಡಿಯಲ್ಲಿ ಉದ್ದಕ್ಕೂ ಹೋಗುವ ತಗಡಿನ ಪಟ್ಟಿ, ಅದಕ್ಕೆ ಕ್ಯಾಸಲ್ ರೈಲ್ ಅಂತಾರೆ. ಇವು ಒಳಗಿನಿಂದ ಕೊಳೆಯುತ್ತವೆ, ಹೊರಗೆ ಪೇಂಟ್ ಮಿಂಚುತ್ತಲೇ ಇರುತ್ತದೆ. ಜಿಟಿಗೆ ಮೇಲೆ ತಗಡಿನ ಛಾವಣಿ ಇರುವುದರಿಂದ ಬಾಡಿ ಬೇಗ ಬಗ್ಗುವುದಿಲ್ಲ. ಅದೇ ಅಪಾಯ. ಓಪನ್ ಕಾರಿನಲ್ಲಿ ಬಾಗಿಲ ಸಂದು ನೋಡಿದರೆ ಗೊತ್ತಾಗುವುದು ಜಿಟಿಯಲ್ಲಿ ಗೊತ್ತಾಗುವುದಿಲ್ಲ. ಇಂಜಿನ್ನನ್ನು ಒಂದು ವಾರದಲ್ಲಿ ಇಳಿಸಿ ಏರಿಸಬಹುದು. ಸಿಲ್ ಸರಿಯಾಗಿ ಮಾಡಿಸಬೇಕಾದರೆ ಮುಂದಿನ ಮಡ್‌ಗಾರ್ಡಿನ ಕೆಳಭಾಗವನ್ನೂ ಬಿಚ್ಚಬೇಕು ಅಥವಾ ಕತ್ತರಿಸಬೇಕು. ಆ ಬಿಲ್ಲಿನಲ್ಲಿ ಇನ್ನೊಂದು ಕಾರೇ ಬಂದೀತು.

ಜೆಸಿರೋಡ್:
ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಎಂಜಿಬಿ ಅಪರೂಪ, ಆದರೆ ಈ ಇಂಜಿನ್ ನಮಗೆ ಹೊಸದಲ್ಲ. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಇಂಜಿನ್, ಎಂಜಿಬಿಯ 1798 ಸಿಸಿ ಇಂಜಿನ್, ಎರಡೂ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್. ಅಂಬಾಸಿಡರ್ ಬಿಚ್ಚಿ ಕಟ್ಟಿದ ಯಾವ ಮೇಸ್ತ್ರಿಯನ್ನು ಕೇಳಿದರೂ ಮೊದಲು ಹೇಳುವುದು "ಕಂಡೆನ್ಸರ್ ನೋಡಿ" ಅಂತ. ಇಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ನಿನ ಒಂದು ಸಣ್ಣ ಬಿಡಿಭಾಗ ಅದು. ತಣ್ಣಗಿದ್ದಾಗ ಸರಿ, ಕಾದ ಮೇಲೆ ಕೈಕೊಡುತ್ತದೆ, ಆರಿದರೆ ಮತ್ತೆ ಸರಿ. ನೀವು ಬರೆದದ್ದೂ ಅದನ್ನೇ.

ಊಹೆ ಬೇಡ, ಪರೀಕ್ಷೆ ಮಾಡಬಹುದು. ಕಾರು ನಿಂತ ಕೂಡಲೇ ಕೀ ಆನ್ ಮಾಡಿ ಹಿಂದುಗಡೆ ಪೆಟ್ರೋಲ್ ಪಂಪಿನ ಶಬ್ದ ಕೇಳಿ. ಟಿಕ್ ಟಿಕ್ ಅಂತ ಸ್ವಲ್ಪ ಬಡಿದು ನಿಂತರೆ ಕಾರ್ಬುರೇಟರಿನ ಬಟ್ಟಲು ತುಂಬಿದೆ, ಪೆಟ್ರೋಲ್ ಬರುತ್ತಿದೆ. ನಿಲ್ಲದೆ ಬಡಬಡ ಹೊಡೆದರೆ ಪಂಪ್ ಗಾಳಿ ಎಳೆಯುತ್ತಿದೆ. ಟ್ಯಾಂಕಿನ ಮುಚ್ಚಳ ತೆಗೆದಾಗ ಬುಸ್ ಅಂದರೆ ಗಾಳಿ ದಾರಿ ಕಟ್ಟಿದೆ. ಇನ್ನೊಂದು ಮುಖ್ಯ ವಿಷಯ: ಜಗ್ಗುವಾಗ ಆರ್‌ಪಿಎಂ ಮುಳ್ಳು ಏನು ಮಾಡಿತು? ಆ ಕಾರಿನ ಮುಳ್ಳು ಇಗ್ನಿಷನ್ ಕರೆಂಟಿನಿಂದಲೇ ಆಡುತ್ತದೆ. ಗಾಡಿ ಇನ್ನೂ ಉರುಳುತ್ತಿರುವಾಗಲೇ ಮುಳ್ಳು ಕುಣಿದರೆ, ಇಲ್ಲಾ ಧಡಕ್ಕನೆ ಸೊನ್ನೆಗೆ ಬಿದ್ದರೆ, ತೊಂದರೆ ಪೆಟ್ರೋಲಿನದಲ್ಲ. ಕಿಡಿ ಕೊಡುವ ಪಾಯಿಂಟ್, ಕಂಡೆನ್ಸರ್, ಕಾಯಿಲ್, ಅವುಗಳ ವೈರು, ಇಷ್ಟರಲ್ಲೇ ಇದೆ.

ಟ್ವಿನ್‌ಎಸ್‌ಯು:
ಮುಳ್ಳು ಕುಣಿಯುವುದಕ್ಕೆ ನೂರು ಕಾರಣ ಇರುತ್ತವೆ ಸರ್. ಬೆಂಗಳೂರಿನಲ್ಲಿ ಕೂತು ಇಲ್ಲಿನ ಪೆಟ್ರೋಲ್ ಬಗ್ಗೆ ಹೇಳುವುದು ಕಷ್ಟ. ಇ10 ಬಂದ ಮೇಲೆ ನನ್ನ ಪರಿಚಯದ ಹಳೇ ಕಾರುಗಳಲ್ಲಿ ಅರ್ಧದಷ್ಟಕ್ಕೆ ಇದೇ ಕಾಯಿಲೆ. ಮೊದಲು ಇ5 ಹಾಕಿಸಿ ನೋಡಲಿ, ಆಮೇಲೆ ಕಂಡೆನ್ಸರ್ ಬಿಚ್ಚಲಿ.

ಝಡ್240:
ಕ್ಯಾಲಿಫೋರ್ನಿಯಾದಿಂದ ನಮಸ್ಕಾರ. ನಾವು ವರ್ಷಗಟ್ಟಲೆಯಿಂದ ಹತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲನ್ನೇ ಸುಡುತ್ತಿದ್ದೇವೆ. ಇಲ್ಲಿನ ಬಿಸಿಲು ನಿಮ್ಮ ಇಂಗ್ಲೆಂಡಿನದಲ್ಲ. ನನ್ನ 1972ರ ಡ್ಯಾಟ್ಸನ್ 240ಝಡ್ ಜುಲೈ ಮಧ್ಯಾಹ್ನವೂ ಒಮ್ಮೆಯೂ ಕೆಮ್ಮಿಲ್ಲ. 2393 ಸಿಸಿಯ ಸ್ಟ್ರೈಟ್ ಸಿಕ್ಸ್ (ಸಾಲಾಗಿ ಆರು ಸಿಲಿಂಡರ್) ಇಂಜಿನ್, ತಲೆ ದುಂಡಗಿರುವ ಹಳೇ ಕಾರ್ಬುರೇಟರುಗಳು. 1973ರ ಚಪ್ಪಟೆ ತಲೆಯ ಕಾರ್ಬುರೇಟರ್ ಇದ್ದವರು ಅವನ್ನು ಕಿತ್ತು ಇವನ್ನೇ ಹುಡುಕಿ ಹಾಕಿಕೊಳ್ಳುತ್ತಾರೆ. ಇಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್ಲುಗಳಿಗೆ ಸ್ಮಾಗ್ (ಹೊಗೆ) ಪರೀಕ್ಷೆಯೂ ಇಲ್ಲ.

ಅದಿರಲಿ, ಎಂಎಕ್ಸ್-5 ಬಿಟ್ಟು ಎಂಜಿಬಿ ಯಾಕೆ? ಒಂದೇ ಸ್ಟ್ರೋಂಬರ್ಗ್ ಕಾರ್ಬುರೇಟರ್ ಇಟ್ಟುಕೊಂಡು ಆ ಗಾಡಿ ಎಷ್ಟು ಓಡೀತು?

ಟ್ವಿನ್‌ಎಸ್‌ಯು:
ಒಂದೇ ಸ್ಟ್ರೋಂಬರ್ಗ್ ಇದ್ದದ್ದು 1975ರಿಂದ ನಿಮ್ಮ ಅಮೆರಿಕಕ್ಕೆ ಹೋದ ಕಾರುಗಳಲ್ಲಿ. ಇಲ್ಲಿ ಮಾರಿದವುಗಳಲ್ಲಿ ಕೊನೆಯವರೆಗೂ ಜೋಡಿ ಎಸ್‌ಯು ಕಾರ್ಬುರೇಟರ್. ಎರಡನ್ನೂ ಸೇರಿಸಿ ಮಾತಾಡಬೇಡಿ.

ತುಕ್ಕುವೈರಿ:
ಕಾರ್ಬುರೇಟರ್ ಜಗಳ ಸಾಕು. ಅವರು ಇನ್ನೂ ವರ್ಷವನ್ನೇ ಹೇಳಿಲ್ಲ.

ಪ್ರಶ್ನೆ ಮೂರು ಕಾರಿನದಾದ್ದರಿಂದ ಉಳಿದೆರಡರ ಬಗ್ಗೆಯೂ ಹೇಳುತ್ತೇನೆ. ಎಂಎಕ್ಸ್-5ನ ಇಂಜಿನ್ ಗಟ್ಟಿ. ಟೈಮಿಂಗ್ ಬೆಲ್ಟ್ ಹರಿದರೂ ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲ. ಮೊದಮೊದಲ 1.6ಗಳಲ್ಲಿ ಕ್ರ್ಯಾಂಕಿನ ಮೂತಿ ಗಿಡ್ಡ, ಪುಲ್ಲಿ ಸಡಿಲಾಗಿ ಅದರ ಕೀ ಕೂರುವ ಸಂದನ್ನು ತಿಂದುಹಾಕುತ್ತದೆ, ಅದನ್ನು ಮಾತ್ರ ನೋಡಿಕೊಳ್ಳಬೇಕು. ಬಟ್ಟೆಯ ಹುಡ್‌ನಿಂದ ನೀರು ಇಳಿಯುವ ತೂತು ಕಸ ಕಟ್ಟಿದರೆ ನೀರು ನೇರ ಹಿಂದಿನ ಸಿಲ್ಲಿಗೆ ಹೋಗುತ್ತದೆ. ಹಿಂದಿನ ಚಕ್ರದ ಮುಂದೆ ಗುಳ್ಳೆ ಎದ್ದಿದ್ದರೆ ಒಳಗೆ ಏನೂ ಉಳಿದಿಲ್ಲ ಅಂತಲೇ ತಿಳಿಯಿರಿ.

944 ಓಡಿಸಲು ಮೂರರಲ್ಲೂ ಒಳ್ಳೆಯದು. ಇಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ, ಭಾರ ಸಮ. ಆದರೆ ಬೆಲ್ಟ್ ಹರಿದರೆ ಇಂಜಿನ್ ಹೋಯಿತು. ಬ್ಯಾಲೆನ್ಸ್ ಶಾಫ್ಟಿಗೆ ಇನ್ನೊಂದು ಬೆಲ್ಟ್ ಬೇರೆ. ಕ್ಲಚ್ ಬದಲಾಯಿಸಬೇಕಾದರೆ ಎಕ್ಸಾಸ್ಟ್ ಇಳಿಸಿ, ಗೇರ್‌ಬಾಕ್ಸ್ ಬಿಚ್ಚಿ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಟ್ಯೂಬ್ ಹಿಂದಕ್ಕೆ ಸರಿಸಬೇಕು. ಬಿಡಿಭಾಗಕ್ಕಿಂತ ಕೂಲಿಯೇ ಜಾಸ್ತಿ. ಬೆಲ್ಟ್, ಕ್ಲಚ್ ಯಾವಾಗ ಆಯಿತು ಅಂತ ಬಿಲ್ ತೋರಿಸದವರ ಹತ್ತಿರ 944 ತಗೊಳ್ಳಲೇಬೇಡಿ.

ಝಡ್240:
944 ಅಷ್ಟಕ್ಕೂ ಪೋರ್ಶೆನಾ? ಆಡಿ ಕಾರ್ಖಾನೆಯಲ್ಲಿ ಕಟ್ಟಿದ್ದು.

ತುಕ್ಕುವೈರಿ:
ಕಟ್ಟಿದ್ದು ನೆಕರ್ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ, ಹೌದು. ಆಡಿ ಇಂಜಿನ್ ಇದ್ದದ್ದು 924ರಲ್ಲಿ. 944ರ 2479 ಸಿಸಿ ಇಂಜಿನ್ ಪೋರ್ಶೆಯವರದ್ದೇ, 928ರ ವಿ8ನಿಂದ ಬಂದದ್ದು. ಈ ಮಾತು ಕೇಳಿ ಕೇಳಿ ಬೇಜಾರಾಗಿದೆ.

ಗೇರ್‌ಪ್ರಿಯ:
ಎಲ್ಲರಿಗೂ ಥ್ಯಾಂಕ್ಸ್. ಎಂಜಿಬಿ 1972ರದ್ದು, ಕ್ರೋಮ್ ಬಂಪರ್. ಎಂಎಕ್ಸ್-5 1991, 944 1988. ಬಜೆಟ್ ಹತ್ತು ಸಾವಿರ ಪೌಂಡ್ ಒಳಗೆ. ಮುಳ್ಳಿನ ವಿಷಯ ಕೇಳಿದ್ದಕ್ಕೆ ನೆನಪಾಯಿತು: ನಿಲ್ಲುವ ಮೊದಲು ಎರಡು ಮೂರು ಸಲ ಸೊನ್ನೆಗೆ ಬಿದ್ದು ಮೇಲೆದ್ದಿತು. ಪಂಪಿನ ಶಬ್ದ ಸ್ವಲ್ಪ ಹೊತ್ತು ಬಂದು ನಿಂತಿತು.

ಇರುವುದು ಹೌನ್ಸ್ಲೋದಲ್ಲಿ. ಮನೆ ಮುಂದೆ ರಸ್ತೆಯಲ್ಲೇ ಪಾರ್ಕಿಂಗ್. ವಾರದಲ್ಲಿ ಎರಡು ದಿನ ಆಫೀಸಿಗೂ ಇದೇ ಕಾರಿನಲ್ಲಿ ಹೋಗುವ ಯೋಚನೆ. ನಿಮ್ಮೆಲ್ಲರ ಮಾತು ಓದಿ ಎಂಎಕ್ಸ್-5 ಕಡೆ ವಾಲುತ್ತಿದ್ದೇನೆ.

ಜೆಸಿರೋಡ್:
ಮುಳ್ಳು ಬಿದ್ದಿದೆ, ಪಂಪ್ ತುಂಬಿಸಿ ನಿಂತಿದೆ. ಇಗ್ನಿಷನ್. ಹೊಸ ಕಂಡೆನ್ಸರ್ ಹಾಕಿ ಓಡಿಸಿ ನೋಡಿ, ಅದಕ್ಕೂ ಬಗ್ಗದಿದ್ದರೆ ಕಾಯಿಲ್. ಆದರೆ ಈಗ ಬರುವ ಕಂಡೆನ್ಸರುಗಳಲ್ಲಿ ಕಳಪೆ ಮಾಲು ಬಹಳ. ಹೊಸದು ಹಾಕಿದೆ ಅಂತ ಅದನ್ನು ನಂಬಬೇಡಿ, ಇನ್ನೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿರಿ.

ತುಕ್ಕುವೈರಿ:
ಹೌನ್ಸ್ಲೋನಾ! ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ಇದೇ. 2023ರ ಆಗಸ್ಟ್ 29ರಿಂದ ಯುಲೆಜ್, ಅಂದರೆ ಹೆಚ್ಚು ಮಾಲಿನ್ಯ ಮಾಡುವ ಗಾಡಿಗೆ ಶುಲ್ಕ ಹಾಕುವ ವಲಯ, ಲಂಡನ್ನಿನ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ಬಂದಿದೆ, ಹೌನ್ಸ್ಲೋ ಅದರೊಳಗೇ ಇದೆ. ಪೆಟ್ರೋಲ್ ಕಾರು ಸಾಮಾನ್ಯವಾಗಿ ಯೂರೋ 4 ಅನ್ನುವ ಹೊಗೆ ಮಟ್ಟಕ್ಕೆ ಬರಬೇಕು. ಇಲ್ಲದಿದ್ದರೆ ಓಡಿಸಿದ ಪ್ರತಿ ದಿನಕ್ಕೆ 12.50 ಪೌಂಡ್. 1991ರ ಎಂಎಕ್ಸ್-5 ಪಾಸಾಗುವುದು ಕಷ್ಟ. 1988ರ 944ಕ್ಕೂ ಅದೇ ಕಥೆ. ಲಂಡನ್ ಸಾರಿಗೆಯವರ ವೆಬ್‌ಸೈಟಿನಲ್ಲಿ ಕಾರಿನ ನಂಬರ್ ಹಾಕಿದರೆ ಕೂಡಲೇ ಗೊತ್ತಾಗುತ್ತದೆ, ಇವತ್ತೇ ನೋಡಿ.

40 ವರ್ಷ ದಾಟಿ ಹಿಸ್ಟಾರಿಕ್ ತೆರಿಗೆ ವರ್ಗಕ್ಕೆ ಸೇರಿದ ಕಾರಿಗೆ ಈ ಶುಲ್ಕ ಇಲ್ಲ, ರೋಡ್ ಟ್ಯಾಕ್ಸೂ ಇಲ್ಲ. ಅಂದರೆ ನಿಮ್ಮ ಮೂರರಲ್ಲಿ ಬಿಟ್ಟಿಯಾಗಿ ಓಡುವುದು ಎಂಜಿಬಿ ಒಂದೇ. ವಯಸ್ಸಾದ ಮಾತ್ರಕ್ಕೆ ತಾನಾಗಿ ಆ ವರ್ಗಕ್ಕೆ ಹೋಗುವುದಿಲ್ಲ, ಅರ್ಜಿ ಹಾಕಬೇಕು. ಕಾರಿನ ಪತ್ರದಲ್ಲಿ ಹಾಗೆ ಬರೆದಿದೆಯಾ ನೋಡಿ.

ಇನ್ಶೂರೆನ್ಸ್‌ದೂ ಈಗಲೇ ವಿಚಾರಿಸಿ. ಕ್ಲಾಸಿಕ್ ಕಾರಿನ ಪಾಲಿಸಿ ಅಗ್ಗ, ಆದರೆ ಬಹಳ ಕಡೆ ಮನೆಯಲ್ಲಿ ಇನ್ನೊಂದು ದಿನಬಳಕೆಯ ಕಾರು ಇರಬೇಕು ಅಂತಾರೆ. ಆಫೀಸಿಗೆ ಹೋಗಲು ಬಿಡುತ್ತಾರಾ, ರಸ್ತೆಯಲ್ಲಿ ನಿಲ್ಲಿಸಲು ಬಿಡುತ್ತಾರಾ ಅಂತ ಫೋನ್ ಮಾಡಿ ಕೇಳಿ. ಕಾರಿನ ಬೆಲೆ ಇಷ್ಟು ಅಂತಲೂ ಮೊದಲೇ ಒಪ್ಪಿಸಿಕೊಳ್ಳಿ. ಇಲ್ಲದಿದ್ದರೆ ಸಣ್ಣ ಡಿಕ್ಕಿಗೇ ಗುಜರಿ ಲೆಕ್ಕ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಟ್ವಿನ್‌ಎಸ್‌ಯು:
ಯುಲೆಜ್ ವಿಷಯ ಸರಿ. ಆದರೂ ಮಾರುವವರು ಯಾವ ಪೆಟ್ರೋಲ್ ಹಾಕಿಸುತ್ತಿದ್ದರು ಅಂತ ಕೇಳಿ.

ಗೇರ್‌ಪ್ರಿಯ:
ಹೋಗಿ ಬಂದೆ. ಮಾರುವವರು ಕಂಡೆನ್ಸರ್ ಬದಲಾಯಿಸಲು ಒಪ್ಪಿದರು. ಹಾಕಿದ ಮೇಲೆ ಒಂದೂವರೆ ಗಂಟೆ ಸುತ್ತಿಸಿದೆವು. ಸಿಗ್ನಲ್ಲಿನಲ್ಲಿ ನಿಂತು, ಮೋಟಾರ್‌ವೇಯಲ್ಲಿ ಓಡಿಸಿ, ಎಲ್ಲ ನೋಡಿದೆವು. ಜಗ್ಗಲಿಲ್ಲ, ಕೆಮ್ಮಲಿಲ್ಲ. ಪೆಟ್ರೋಲ್ ಅದೇ ಹಳೆಯದು, ಇ10. ಜೆಸಿರೋಡ್ ಅವರೇ, ದೊಡ್ಡ ಥ್ಯಾಂಕ್ಸ್.

ಆದರೆ ಸಿಲ್ ಮೇಲೆ ಹೊಳೆಯುವ ಸ್ಟೇನ್‌ಲೆಸ್ ಪಟ್ಟಿ ಹಾಕಿದ್ದಾರೆ. ಅಯಸ್ಕಾಂತ ಹಿಡಿಯಲಿಲ್ಲ. ಬಾಗಿಲು ಮಾತ್ರ ಚೆನ್ನಾಗಿ ಮುಚ್ಚುತ್ತದೆ. ತಗೊಳ್ಳಲಾ?

ತುಕ್ಕುವೈರಿ:
ಅಂಥ ಸ್ಟೇನ್‌ಲೆಸ್ಸಿಗೆ ಅಯಸ್ಕಾಂತ ಹಿಡಿಯುವುದೇ ಇಲ್ಲ, ಅದರಿಂದ ಏನೂ ಗೊತ್ತಾಗುವುದಿಲ್ಲ. ಪಟ್ಟಿಯ ಕೆಳಗೆ ಏನಿದೆ ಅನ್ನುವುದೇ ಪ್ರಶ್ನೆ. ಕೊಳೆತ ಸಿಲ್ಲಿನ ಮೇಲೆ ಹೊಸ ತಗಡು ಮುಚ್ಚಿ, ಅದರ ಮೇಲೆ ಪಟ್ಟಿ ಹೊಡೆದ ಕಾರುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಪಟ್ಟಿ ಬಿಚ್ಚಲು ಕೇಳಿ. ಕಾರನ್ನು ಮೇಲೆತ್ತಿಸಿ ಕ್ಯಾಸಲ್ ರೈಲನ್ನು ಕೆಳಗಿನಿಂದ ಕಣ್ಣಾರೆ ನೋಡಿ. ಅದು ಸಿಲ್ಲಿಗಿಂತ ಒಳಕ್ಕೆ ಪ್ರತ್ಯೇಕವಾಗಿ ಕಾಣಬೇಕು, ಎಲ್ಲ ಒಂದೇ ತಗಡಾಗಿ ಚಪ್ಪಟೆಯಾಗಿದ್ದರೆ ಯಾರೋ ಮುಚ್ಚಿ ಬೆಸೆದಿದ್ದಾರೆ. ಒಳಗೆ ಕಾರ್ಪೆಟ್ ಎತ್ತಿ ಪಾದದ ಹತ್ತಿರ ಒಳ ಸಿಲ್ಲಿಗೆ ಅಯಸ್ಕಾಂತ ಹಿಡಿಯಿರಿ, ಅಂಟದಿದ್ದರೆ ಅಲ್ಲಿ ಗಟ್ಟಿ ತಗಡಿಲ್ಲ. ಹಿಂದಿನ ಸ್ಪ್ರಿಂಗ್ ಕೂರುವ ಜಾಗವನ್ನು ಬೆರಳಲ್ಲಿ ಒತ್ತಿ ನೋಡಿ. ಎಂಒಟಿ (ವರ್ಷಕ್ಕೊಮ್ಮೆಯ ಗಾಡಿ ತಪಾಸಣೆ) ಇತಿಹಾಸ ಸರ್ಕಾರದ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತದೆ. ಹಳೇ ವರ್ಷಗಳಲ್ಲಿ ತುಕ್ಕಿನ ಎಚ್ಚರಿಕೆ ಬರೆದಿದ್ದು, ಆಮೇಲೆ ವೆಲ್ಡಿಂಗ್ ಬಿಲ್ ಇಲ್ಲದೆ ಮಾಯವಾಗಿದ್ದರೆ ಕೇಳಿ.

ಗೇರ್‌ಪ್ರಿಯ:
ಪಟ್ಟಿ ಬಿಚ್ಚಲು ಒಪ್ಪಲಿಲ್ಲ. ಎಂಒಟಿಯಲ್ಲಿ ಎರಡೂ ಕಡೆ ಸಿಲ್ ತುಕ್ಕು ಅಂತ ಬರೆದದ್ದು ಕಾಣಿಸಿತು, ಬಿಲ್ ಇಲ್ಲ. ಬಿಟ್ಟುಬಿಟ್ಟೆ. ಮನಸ್ಸಿಗೆ ಬಹಳ ಬೇಜಾರು, ಬಣ್ಣ ಅಷ್ಟು ಚೆನ್ನಾಗಿತ್ತು.

ಇನ್ನೊಂದು ಜಿಟಿ ಸಿಕ್ಕಿದೆ, 1977ರದ್ದು. ರಬ್ಬರ್ ಬಂಪರ್. ಸಿಲ್ ಕೆಲಸದ ಫೋಟೋ, ಬಿಲ್ ಎಲ್ಲ ಇದೆ. ಆದರೆ ರಬ್ಬರ್ ಬಂಪರ್ ಅಂದರೆ ಎಲ್ಲರೂ ಮೂಗು ಮುರಿಯುತ್ತಾರೆ.

ಝಡ್240:
ಮೂಗು ಮುರಿಯಲು ಕಾರಣ ಇದೆ. ನಮ್ಮ ದೇಶದ ಸುರಕ್ಷತೆ ಕಾನೂನಿಗೆ ಹೊಂದಿಸಲು 1974ರಲ್ಲಿ ಬಂಪರ್ ಬದಲಾಯಿಸಿ, ಗಾಡಿಯನ್ನೂ ಎತ್ತರ ಮಾಡಿದರು. ತಿರುವಿನಲ್ಲಿ ವಾಲುತ್ತದೆ.

ಟ್ವಿನ್‌ಎಸ್‌ಯು:
1977ರ ಮಾಡೆಲ್ಲಿಗೆ ಹಿಂದೆ ಆಂಟಿ-ರೋಲ್ ಬಾರ್ ಬಂತು, ಆ ವಾಲಾಟ ಬಹಳ ಕಡಿಮೆಯಾಯಿತು. ಎಲೆಕ್ಟ್ರಿಕ್ ಫ್ಯಾನ್ ಕೂಡ ಬಂತು, ಲಂಡನ್ ಟ್ರಾಫಿಕ್ಕಿನಲ್ಲಿ ಅದು ಬೇಕೇ ಬೇಕು. ಆ ಹೊತ್ತಿಗೆ ಇಲ್ಲಿ ಓವರ್‌ಡ್ರೈವ್ (ಅದೇ ವೇಗಕ್ಕೆ ಇಂಜಿನ್ ನಿಧಾನ ತಿರುಗಿಸುವ ಹೆಚ್ಚುವರಿ ಗೇರ್) ಎಲ್ಲದಕ್ಕೂ ಬರುತ್ತಿತ್ತು. ಕ್ರೋಮ್ ಚೆಂದ, ಒಪ್ಪುತ್ತೇನೆ. ಆದರೆ ಒಳಗೆ ಕೂತು ಓಡಿಸುವಾಗ ಬಂಪರ್ ಕಾಣುವುದಿಲ್ಲ. ಸಿಲ್ ಗಟ್ಟಿ ಇರುವ ರಬ್ಬರ್ ಬಂಪರ್ ಕಾರನ್ನೇ ತಗೊಳ್ಳಿ.

ತುಕ್ಕುವೈರಿ:
ಟ್ವಿನ್‌ಎಸ್‌ಯು ಹೇಳಿದ್ದು ಸರಿ. ನೋಡಲು ಹೋದಾಗ ನಾಲ್ಕನೇ ಗೇರಿನಲ್ಲಿ ಓವರ್‌ಡ್ರೈವ್ ಹಾಕಿ ತೆಗೆದು ಮಾಡಿ, ಇಂಜಿನ್ ಕಾದ ಮೇಲೂ ಮಾಡಿ. ಆರ್‌ಪಿಎಂ ತಕ್ಷಣ ಇಳಿಯಬೇಕು. ಇಳಿಯದಿದ್ದರೆ ಮೊದಲು ಸ್ವಿಚ್ಚು, ವೈರು ಮತ್ತು ಗೇರ್‌ಬಾಕ್ಸಿನ ಎಣ್ಣೆ ಮಟ್ಟ ನೋಡಿಸಿ, ಬಹಳ ಸಲ ಅಷ್ಟರಲ್ಲೇ ಇರುತ್ತದೆ. ಸಿಲ್ ಫೋಟೋಗಳನ್ನು ಇಲ್ಲಿ ಹಾಕಿ, ಒಳ ತಗಡು ಬದಲಾಯಿಸಿದ್ದಾರಾ, ಹೊರಗಿನದು ಮಾತ್ರವಾ ನೋಡಿ ಹೇಳುತ್ತೇನೆ.