ಅಮ್ಮನ ಆರೈಕೆ ಮಾಡುತ್ತಾ ಓದುತ್ತಿರುವ ಹುಡುಗಿಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಲಗ್ಗೆರೆಯಲ್ಲಿ ನಮ್ಮ ಪಕ್ಕದ ಮನೆ ಹುಡುಗಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ತಂದೆ ಇಲ್ಲ, ತಾಯಿಗೆ ಪಾರ್ಕಿನ್ಸನ್ಸ್ (ಕೈಕಾಲು ನಡುಗುವ, ಬಿಗಿಯಾಗುವ ನರದ ಕಾಯಿಲೆ). ಬೆಳಿಗ್ಗೆ ಮಾತ್ರೆ ಕೊಟ್ಟು, ಅಮ್ಮನ ಕೈಕಾಲು ಸಡಿಲವಾಗುವವರೆಗೂ ಕಾಯಬೇಕು. ಆಮೇಲೇ ಸ್ನಾನ, ತಿಂಡಿ. ಅಷ್ಟೊತ್ತಿಗೆ ಮೊದಲನೇ ಕ್ಲಾಸ್ ಮುಗಿದಿರುತ್ತದೆ. ಹಾಜರಾತಿ ಸಾಲದು ಅಂತ ಕಾಲೇಜಿನವರ ತಕರಾರು ಬೇರೆ. ಪಾರ್ಟ್ ಟೈಮ್ ಕೆಲಸದ ಮಾತಂತೂ ದೂರ.

ಗೃಹಲಕ್ಷ್ಮಿಯ 2000 ರೂಪಾಯಿ ಮಾತ್ರೆಗೇ ಹೋಗುತ್ತದೆ. ಬಸ್ಸಿಗೆ ಶಕ್ತಿ ಇದೆ, ಪುಣ್ಯ. ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದಾಳೆ. ಆದರೆ ಅದು ಜಾತಿ, ಆದಾಯ ನೋಡಿ ಕೊಡುವಂಥದ್ದು, ಮನೆಯ ಆರೈಕೆ ಲೆಕ್ಕಕ್ಕಿಲ್ಲ.

2024-25ರ ರಾಜ್ಯ ಬಜೆಟ್‌ನಲ್ಲಿ ಪಾರ್ಕಿನ್ಸನ್ಸ್‌ನಂಥ ಕಾಯಿಲೆ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1000 ರೂಪಾಯಿ ಘೋಷಿಸಿದ್ದರು, ಅಲ್ವಾ? ಅದು ಯಾರ ಕೈಗಾದರೂ ಬಂದಿದೆಯಾ? ಅರ್ಜಿ ಎಲ್ಲಿ ಕೊಟ್ಟಿರಿ? ನೋಡಿಕೊಳ್ಳುವವರು ಕಾಲೇಜಿಗೆ ಹೋಗುತ್ತಿದ್ದರೂ ಕೊಡುತ್ತಾರಾ? ಅಮ್ಮನ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ.

ಫೀಸ್ ಕಟ್ಟುವ ಟ್ರಸ್ಟ್ ಗೊತ್ತಿದ್ದರೂ ಹೇಳಿ. ಅವಳ ಕೈಗೆ ದುಡ್ಡು ಬೇಡ, ನೇರ ಕಾಲೇಜಿಗೇ ಕಟ್ಟಿದರೆ ಸಾಕು. ದಯವಿಟ್ಟು ಸುಮ್ನೆ ‘ಅಯ್ಯೋ ಪಾಪ’ ಅಂತ ಕಾಮೆಂಟ್ ಹಾಕಬೇಡಿ, ಅವಳೂ ಈ ಗ್ರೂಪಿನಲ್ಲಿದ್ದಾಳೆ.