ನಾಲ್ಕು ಬಾಗಿಲಿನ ಫ್ರಿಜ್: ಕಂಪ್ರೆಸರ್ ನಿಲ್ಲುವುದೇ ಇಲ್ಲ, ಕರೆಂಟ್ ಜಾಸ್ತಿ ಎಳೆಯುತ್ತಿದೆ

ಬೆಳ್ಳಿಸೌಟು:
ಎಲ್ಲರಿಗೂ ನಮಸ್ಕಾರ. ನಮ್ಮ ಹೋಟೆಲ್ ಅಡುಗೆಮನೆಯಲ್ಲಿ ನಾಲ್ಕು ಬಾಗಿಲಿನ ಸ್ಟೀಲ್ ಫ್ರಿಜ್ ಇದೆ. ಆರು ವರ್ಷ ಹಳೆಯದು, ಕಂಪ್ರೆಸರ್ ಕೆಳಗಡೆ ಇರುವಂಥದ್ದು. ಮೊದಲೆಲ್ಲ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತಿತ್ತು. ಎರಡು ತಿಂಗಳಿಂದ ನಿಲ್ಲುವುದೇ ಇಲ್ಲ. 3 ಡಿಗ್ರಿಗೆ ಇಟ್ಟರೂ ಒಳಗಿನ ಥರ್ಮಾಮೀಟರ್ 7 ತೋರಿಸುತ್ತದೆ. ಸಬ್ ಮೀಟರ್ ಹಾಕಿ ನೋಡಿದೆ, 24 ಗಂಟೆಗೆ 14 ಯೂನಿಟ್! ಬಂದ ಮೆಕ್ಯಾನಿಕ್ "ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು" ಎಂದರು. ಇನ್ನೊಬ್ಬರು ಹೊಸದೇ ತಗೊಳ್ಳಿ ಎನ್ನುತ್ತಾರೆ. ಸೆಟ್ಟಿಂಗ್ 1 ಡಿಗ್ರಿಗೆ ಇಳಿಸಿದೆ, ಏನೂ ಬದಲಾಗಲಿಲ್ಲ. ಒಳಗಿರುವ ಪದಾರ್ಥ ನೆನೆಸಿಕೊಂಡರೆ ಭಯವಾಗುತ್ತದೆ. ಏನು ಮಾಡಲಿ?

ತಣ್ಣನೆಗಾಳಿ:
ಮೊದಲು ಬೇಗ ಕೆಡುವ ಪದಾರ್ಥಗಳನ್ನು ಬೇರೆ ಫ್ರಿಜ್ಜಿಗೆ ಸಾಗಿಸಿ. 5 ಡಿಗ್ರಿ ದಾಟಿದರೆ ನಂಬಿ ಕೂರಬಾರದು. ಸೆಟ್ಟಿಂಗ್ ಮತ್ತೆ 3ಕ್ಕೇ ತನ್ನಿ. ಪೂರ್ತಿ ಶಕ್ತಿ ಹಾಕಿ ಓಡುತ್ತಿರುವ ಯಂತ್ರಕ್ಕೆ 1 ಡಿಗ್ರಿ ಎಂದರೂ ಒಂದೇ, 3 ಎಂದರೂ ಒಂದೇ.

ಗ್ಯಾಸ್ ವಿಷಯ. ಫ್ರಿಜ್ಜಿನ ಗ್ಯಾಸ್ ಎಂದರೆ ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿದಷ್ಟೂ ಖರ್ಚಾಗಲು. ಕಮ್ಮಿಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಸುಮ್ನೆ ತುಂಬಿಸಿದರೆ ಅದೂ ಹೋಗುತ್ತದೆ. ಗ್ಯಾಸ್ ನಿಜವಾಗಿ ಕಮ್ಮಿಯಿದ್ದರೆ, ಗ್ಯಾಸ್ ಹರಿಯುವ ಸುರುಳಿ ಪೈಪ್, ಅಂದರೆ ಒಳಗಿನ ಕಾಯಿಲ್‌ನಲ್ಲಿ ಗ್ಯಾಸ್ ಒಳಬರುವ ತುದಿಗೆ ಮಾತ್ರ ಹಿಮ ಕಟ್ಟಿ, ಉಳಿದ ಭಾಗ ಬೋಳಾಗಿರುತ್ತದೆ. ಪೈಪ್ ಜೋಡಣೆ ಹತ್ತಿರ ಎಣ್ಣೆ ಜಿಡ್ಡು ಕಾಣುವುದೂ ಉಂಟು.

ಮೂರು ಕಡೆ ನೋಡಿ ಹೇಳಿ. ಒಂದು, ಕೆಳಗಿನ ಜಾಲರಿ ಬಿಚ್ಚಿದರೆ ಹೊರಗಿನ ಕಾಯಿಲ್ ಹೇಗಿದೆ? ಎರಡು, ಒಳಗಿನ ಕಾಯಿಲ್ ಮೇಲೆ ಹಿಮ ಸಮನಾಗಿದೆಯೇ, ಇಲ್ಲಾ ದಪ್ಪ ಗಡ್ಡೆಯಾಗಿದೆಯೇ? ಗಡ್ಡೆಯಾಗಿದ್ದರೆ ಹಿಮ ಕರಗಿಸುವ ಡಿಫ್ರಾಸ್ಟ್ ಟೈಮರ್ ಅಥವಾ ಹೀಟರ್ ಕೆಟ್ಟಿರಬಹುದು. ಮೂರು, ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ, ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬರಬೇಕು. ನಾಲ್ಕೂ ಬಾಗಿಲಿಗೆ, ಸುತ್ತಲೂ ಮಾಡಿ. ಒಂದೇ ಕಡೆ ನೋಡಿ ಬಿಟ್ಟರೆ ಪ್ರಯೋಜನವಿಲ್ಲ.

ಬೆಳ್ಳಿಸೌಟು:
ಜಾಲರಿ ಬಿಚ್ಚಿದೆ. ಕಾಯಿಲ್ ಕಾಣಿಸುವುದೇ ಇಲ್ಲ! ಎಣ್ಣೆ, ಧೂಳು, ಹಿಟ್ಟು ಎಲ್ಲ ಸೇರಿ ಕಂಬಳಿ ತುಂಡು ಅಂಟಿಸಿದ ಹಾಗಿದೆ. ಉಗುರಲ್ಲಿ ಕೆರೆದರೆ ಪದರ ಪದರವಾಗಿ ಕಿತ್ತು ಬರುತ್ತದೆ. ಆರು ವರ್ಷದಲ್ಲಿ ಇದನ್ನು ಯಾರೂ ಬಿಚ್ಚಿಲ್ಲ ಅನಿಸುತ್ತದೆ. ಒಳಗಿನ ಕಾಯಿಲ್ ಮೇಲೆ ತೆಳ್ಳಗೆ, ಸಮನಾಗಿ ಹಿಮ ಇದೆ. ಕೆಳಗಿನ ಬಲ ಬಾಗಿಲಲ್ಲಿ, ಕೀಲಿನ ಪಕ್ಕದ ಮೂಲೆಯಲ್ಲಿ ಕಾಗದ ಹಾಗೇ ಜಾರಿ ಬಂತು. ಅಲ್ಲಿ ರಬ್ಬರ್ ಸೀಳಿದೆ. ಪಕ್ಕದಲ್ಲೇ ಕರಿಯುವ ಒಲೆ ಇದೆ ಎನ್ನುವುದನ್ನೂ ಹೇಳಬೇಕಿತ್ತು.

ತಣ್ಣನೆಗಾಳಿ:
ಹಾಗಾದರೆ ಗ್ಯಾಸಿಗೆ ಸದ್ಯಕ್ಕೆ ಕೈ ಹಾಕಬೇಡಿ. ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಹೊರಗೆ ಹಾಕುವ ಬಾಗಿಲೇ ಆ ಕಾಯಿಲ್. ಅದಕ್ಕೆ ಕಂಬಳಿ ಹೊದಿಸಿದರೆ ಶಾಖ ಹೋಗುವುದಾದರೂ ಎಲ್ಲಿಗೆ? ಕಾಯಿಲ್‌ನಲ್ಲಿ ಗ್ಯಾಸ್ ತಣಿಯುವ ಉಷ್ಣತೆ ಒಂದು ಡಿಗ್ರಿ ಏರಿದರೆ ಕರೆಂಟ್ ಸುಮಾರು 2ರಿಂದ 3 ಶೇಕಡಾ ಜಾಸ್ತಿ ಬೇಕು. ನಿಮ್ಮಲ್ಲಿ ಎಷ್ಟೋ ಡಿಗ್ರಿ ಏರಿರುತ್ತದೆ.

ಪ್ಲಗ್ ಕಿತ್ತು ಕೆಲಸ ಶುರು ಮಾಡಿ. ಮೆತ್ತನೆ ಬ್ರಷ್‌ನಲ್ಲಿ, ತಗಡಿನ ಎಲೆಗಳು ನಿಂತಿರುವ ದಿಕ್ಕಿನಲ್ಲೇ ಉಜ್ಜಿ. ಅಡ್ಡಡ್ಡ ಉಜ್ಜಿದರೆ ಎಲೆ ಮಡಚಿಕೊಂಡು ಗಾಳಿ ಇನ್ನೂ ಕಟ್ಟುತ್ತದೆ. ವ್ಯಾಕ್ಯೂಮ್‌ನಲ್ಲಿ ಎಳೆದ ಮೇಲೆ, ಕಾಯಿಲ್‌ಗೆಂದೇ ಬರುವ ಜಿಡ್ಡು ತೆಗೆಯುವ ದ್ರಾವಣ ಸಿಂಪಡಿಸಿ ಒರೆಸಿ. ತಂತಿ ಬ್ರಷ್ ಬೇಡ, ಪ್ರೆಷರ್ ನೀರು ಬೇಡವೇ ಬೇಡ. ಫ್ಯಾನ್ ರೆಕ್ಕೆಗಳನ್ನೂ ಒರೆಸಿ, ಜಿಡ್ಡು ಮೆತ್ತಿದ ರೆಕ್ಕೆ ಗಾಳಿ ತಳ್ಳುವುದಿಲ್ಲ. ಪೂರ್ತಿ ಒಣಗಿದ ಮೇಲೆ ಪ್ಲಗ್ ಹಾಕಿ.

ಸೀಳಿದ ರಬ್ಬರ್ ಬದಲಾಯಿಸಲೇಬೇಕು. ಹೊಸದು ಸುಕ್ಕಾಗಿ ಬಂದರೆ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಡಿ, ನೆಟ್ಟಗಾಗುತ್ತದೆ. ಒಲೆಯಿಂದ ದೂರ ಸರಿಸಲು ಆಗುತ್ತದೆಯೇ ನೋಡಿ.

ಮೀಟರ್‌ಬೋರ್ಡ್:
ನಡುವೆ ಬಾಯಿ ಹಾಕುತ್ತಿದ್ದೇನೆ. ಬಿಸಿ ಪಾತ್ರೆಗಳನ್ನು ನೇರವಾಗಿ ಒಳಗಿಡುತ್ತೀರಾ? 20 ಲೀಟರ್ ನೀರು 80 ಡಿಗ್ರಿಯಿಂದ 30ಕ್ಕೆ ಇಳಿಯುವಾಗ ಬಿಡುವ ಶಾಖ ಸುಮಾರು 1.16 ಯೂನಿಟ್. ಅಷ್ಟನ್ನೂ ಫ್ರಿಜ್ಜೇ ಎತ್ತಿ ಹಾಕಬೇಕು. ಹಾಗಂತ ರಾತ್ರಿಯಿಡೀ ಹೊರಗೂ ಬಿಡಬೇಡಿ. 57 ಡಿಗ್ರಿಯಿಂದ 21ಕ್ಕೆ 2 ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು 4 ಗಂಟೆಯೊಳಗೆ ಬರಬೇಕು. ಅಗಲವಾದ ತಟ್ಟೆಗಳಿಗೆ ಹಂಚಿ, ತಣ್ಣೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಆಮೇಲೆ ಒಳಗಿಡಿ.

ಒಳಗಿನ ಫ್ಯಾನ್ ಮುಂದೆ ಡಬ್ಬ ಒತ್ತರಿಸಬೇಡಿ. ಆ ಫ್ಯಾನ್ ಮೋಟರ್ ಹಳೆಯ ಶೇಡೆಡ್ ಪೋಲ್ (ಜಾಸ್ತಿ ಕರೆಂಟ್ ತಿನ್ನುವ ಸರಳ ಬಗೆ) ಆಗಿದ್ದರೆ, ಕೆಟ್ಟಾಗ ಇಸಿ (ಎಲೆಕ್ಟ್ರಾನಿಕ್ ನಿಯಂತ್ರಣದ) ಮೋಟರ್ ಹಾಕಿಸಿ. ಅರ್ಧಕ್ಕಿಂತ ಕಡಿಮೆ ಕರೆಂಟ್ ಸಾಕು. ಮೋಟರ್ ತಿನ್ನುವ ಕರೆಂಟೆಲ್ಲ ಒಳಗೇ ಶಾಖವಾಗುತ್ತದಲ್ವಾ, ಹಾಗಾಗಿ ಲಾಭ ಎರಡು ಕಡೆಯಿಂದ.

ಬೆಳ್ಳಿಸೌಟು:
ಒಂಬತ್ತು ದಿನದ ವರದಿ. ಕಾಯಿಲ್ ತೊಳೆಯಲು ಎರಡೂವರೆ ಗಂಟೆ ಹಿಡಿಯಿತು. ಮಾರನೇ ದಿನ ಬೆಳಿಗ್ಗೆ ಅಡುಗೆಮನೆ ಬಾಗಿಲು ತೆರೆದಾಗ ಏನೋ ವ್ಯತ್ಯಾಸ ಅನಿಸಿತು. ಕಂಪ್ರೆಸರ್ ಸದ್ದಿಲ್ಲ! ಕೆಟ್ಟೇಹೋಯಿತು ಎಂದು ಓಡಿದೆ. ಒಳಗೆ 4 ಡಿಗ್ರಿ. ಎರಡು ತಿಂಗಳಲ್ಲಿ ಮೊದಲ ಸಲ ತಾನಾಗಿ ನಿಂತಿತ್ತು. ಖುಷಿಗೆ ಎಲ್ಲರನ್ನೂ ಕರೆದು ತೋರಿಸಿದೆ.

ಆ ದಿನ 10.2 ಯೂನಿಟ್. ರಬ್ಬರ್ ಹಾಕಿಸಿ, ಕರಿಯುವ ಒಲೆಯನ್ನು ಎದುರು ಗೋಡೆಗೆ ಸರಿಸಿದ ಮೇಲೆ 8.7. ಗ್ಯಾಸ್ ಮುಟ್ಟಿಲ್ಲ. ಬಿಸಿ ಪಾತ್ರೆ ಇಡುವ ಅಭ್ಯಾಸ ನಮ್ಮಲ್ಲೂ ಇತ್ತು, ನಿನ್ನೆಯಿಂದ ನಿಲ್ಲಿಸಿದ್ದೇವೆ. ಕಾಯಿಲ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ತಣ್ಣನೆಗಾಳಿ:
ತುಂಬಾ ಸಂತೋಷವಾಯಿತು. ಎಣ್ಣೆ ಹೊಗೆ ಇರುವ ಕಡೆ ತಿಂಗಳಿಗೊಮ್ಮೆ ಬ್ರಷ್ ಆಡಿಸಿ. ತಿಂಗಳ ಜಿಡ್ಡಾದರೆ ಹದಿನೈದು ನಿಮಿಷ ಸಾಕು. ಸಬ್ ಮೀಟರ್ ತೆಗೆಯಬೇಡಿ, 8.7 ಎನ್ನುವುದನ್ನು ಜಾಲರಿ ಮೇಲೇ ಬರೆದಿಡಿ. ಅಷ್ಟೇ ಸೆಕೆ, ಅಷ್ಟೇ ಕೆಲಸ ಇದ್ದೂ 10 ದಾಟಿತು ಅಂದರೆ ಮತ್ತೆ ಜಾಲರಿ ಬಿಚ್ಚಿ ನೋಡಿ.

ಬೆಳ್ಳಿಸೌಟು:
ಬರೆದು ಅಂಟಿಸಿದೆ. ಪಕ್ಕದಲ್ಲೇ ತೊಳೆದ ತಾರೀಖನ್ನೂ ಹಾಕಿದ್ದೇನೆ.