ಕೋಶಪೊರೆಗೆ ಟೂ-ಫೋಟಾನ್, ಎಸ್‌ಎಚ್‌ಜಿ, ರಾಮನ್: ಬಳಸಿದವರು ಎಲ್ಲಿ ಎಡವಿದಿರಿ?

ಕೇಳಿದವರು (ಪಿಎಚ್‌ಡಿ, ಎರಡನೇ ವರ್ಷ, ಮೈಸೂರು)

ಒಂದು ಸಸ್ಯಮೂಲದ ಸಂಯುಕ್ತ ಹಾಕಿದಾಗ ಹೀಲಾ ಕೋಶಗಳ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಹೊರಪೊರೆ ಬಿಗಿಯಾಗುತ್ತೋ ಸಡಿಲವಾಗುತ್ತೋ ಅಂತ ನೋಡಬೇಕು. ಬೇರೆ ಸಂಸ್ಥೆಯ ಟೂ-ಫೋಟಾನ್ ಮೈಕ್ರೊಸ್ಕೋಪು (ಎರಡು ಫೋಟಾನ್ ಒಟ್ಟಿಗೆ ಹೀರಿಸಿ ಡೈ ಹೊಳೆಸುವಂಥದ್ದು) ವಾರಕ್ಕೆ 4 ಗಂಟೆ ಸಿಗುತ್ತೆ. ಒಬ್ಬ ಸೀನಿಯರ್ ಲಾರ್ಡಾನ್ ಎಂಬ ಹೊಳೆಯುವ ಡೈ ಬಳಸು ಅಂತಾರೆ, ಇನ್ನೊಬ್ಬರು ಎಸ್‌ಎಚ್‌ಜಿ (ಬೆಳಕಿನ ಆವರ್ತನ ಇಮ್ಮಡಿಯಾಗುವುದನ್ನು ನೋಡುವ ವಿಧಾನ). ಗೈಡ್ ಮಾತ್ರ "ರಾಮನ್ ಮಾಡು, ಡೈಯ ಗೊಡವೆಯೇ ಬೇಡ" ಅಂತಿದ್ದಾರೆ (ರಾಮನ್ ಅಂದರೆ ಚದುರಿದ ಬೆಳಕಿನಿಂದ ಅಣುಗಳ ಕಂಪನ ಗುರುತಿಸೋದು). ನಾನು ಬಯೋಕೆಮಿಸ್ಟ್ರಿಯವಳು, ಆಪ್ಟಿಕ್ಸ್ ಅಷ್ಟಕ್ಕಷ್ಟೆ.

ಬೆಂಗಳೂರಿನಿಂದ, ಲಾರ್ಡಾನ್ ಜೊತೆ ಏಳು ವರ್ಷ

ನಿಮ್ಮ ಪ್ರಶ್ನೆಗೆ ಲಾರ್ಡಾನೇ ಸರಿ. ಪೊರೆಯ ಲಿಪಿಡ್‌ಗಳು (ಕೊಬ್ಬಿನ ಅಣುಗಳು) ಒತ್ತಾಗಿದ್ದರೆ ಅದು 440 ನ್ಯಾನೊಮೀಟರ್ ಸುತ್ತ ನೀಲಿಯಾಗಿ ಹೊಳೆಯುತ್ತೆ. ಸಡಿಲವಾಗಿ ನೀರು ಒಳನುಗ್ಗಿದರೆ 490ರತ್ತ ಜಾರುತ್ತೆ. ಎರಡು ಚಾನೆಲ್ ಇಡಿ, 400–460 ಮತ್ತು 470–530. ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಬರುವುದೇ ಜಿಪಿ (ಜನರಲೈಸ್ಡ್ ಪೋಲರೈಸೇಶನ್), ಪೊರೆ ಬಿಗಿಯಾದಷ್ಟೂ ಅದು ಹೆಚ್ಚು. ಸಾಮಾನ್ಯ ಯುವಿಯಲ್ಲಿ ಈ ಡೈ ನೋಡನೋಡುತ್ತಲೇ ಬ್ಲೀಚ್ ಆಗಿ ಹೊಳಪು ಕಳೆದುಕೊಳ್ಳುತ್ತೆ. 780–800ರ ಟೂ-ಫೋಟಾನ್‌ನಲ್ಲಿ ಫೋಕಸ್ ಇರುವ ಜಾಗ ಮಾತ್ರ ಉರಿಯುವುದರಿಂದ ಉಳಿದ ಕೋಶ ಬಚಾವ್.

ಈಗ ನನ್ನ ಪೆಟ್ಟುಗಳು. ಒಂದು, ಕೋಶದೊಳಗಿನ ಎನ್‌ಎಡಿಎಚ್ (ಚಯಾಪಚಯದ ಒಂದು ಅಣು) ಕೂಡ ಇದೇ ಬೆಳಕಿಗೆ ನೀಲಿಯಾಗಿ ಮಿನುಗುತ್ತೆ. ಅದು ಸೇರಿಕೊಂಡು ಪೊರೆ ಬಿಗಿಯಾದಂತೆ ಸುಳ್ಳು ಹೇಳುತ್ತೆ. ಡೈ ಹಾಕದ ಕೋಶಗಳನ್ನು ಅದೇ ಸೆಟ್ಟಿಂಗ್‌ನಲ್ಲಿ ತೆಗೆಯದೆ ಮನೆಗೆ ಹೋಗಬೇಡಿ. ಎರಡು, ಸೀರಮ್ ಇರುವ ಮೀಡಿಯಮ್‌ನಲ್ಲಿ ಡೈಯ ಒಂದಷ್ಟು ಪಾಲು ಅಲ್ಬುಮಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತೆ, ತೊಳೆಯಿರಿ. ಮೂರು, ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದ ಲಾರ್ಡಾನ್‌ನ ಚಿತ್ರ ಪ್ರತಿದಿನ ತೆಗೆದು ಎರಡು ಡಿಟೆಕ್ಟರ್‌ಗಳ ತಾರತಮ್ಯ ಸರಿಮಾಡಿಕೊಳ್ಳಿ. ಇದನ್ನು ಬಿಟ್ಟರೆ ಸೋಮವಾರದ ಜಿಪಿಗೂ ಗುರುವಾರದ ಜಿಪಿಗೂ ತಾಳಮೇಳ ಇರಲ್ಲ.

ಉಷ್ಣತೆಯದ್ದು ದೊಡ್ಡ ಕಥೆ. ನಾನು ಡಿಎಂಪಿಸಿ ಎಂಬ ಲಿಪಿಡ್‌ನ ವೆಸಿಕಲ್‌ಗಳಿಂದ (ಕೃತಕ ಪೊರೆಯ ಪುಟ್ಟ ಗುಳ್ಳೆಗಳು) ಶುರುಮಾಡಿದೆ. ಬೆಳಗ್ಗೆ ಜಿಪಿ ಏರಿರೋದು, ಮಧ್ಯಾಹ್ನ ಬಿದ್ದಿರೋದು. ಎರಡು ತಿಂಗಳು ಡೈಯನ್ನೇ ಬೈದೆ. ಡಿಎಂಪಿಸಿ ಜೆಲ್‌ನಿಂದ ದ್ರವಸ್ಥಿತಿಗೆ ತಿರುಗುವುದೇ 23–24 ಡಿಗ್ರಿಯಲ್ಲಿ. ನಮ್ಮ ಲ್ಯಾಬಿನ ಎಸಿ ಆ ಗೆರೆಯ ಆಚೆ ಈಚೆ ಓಡಾಡುತ್ತಿತ್ತು. ಬೆಂಗಳೂರಿನ ಹವೆ ಒಳ್ಳೇದು ಅನ್ನೋರು ಈ ಲಿಪಿಡ್ ಹಿಡಿದು ನೋಡಲಿ! ನಿಮ್ಮದು ಜೀವಂತ ಕೋಶ, 37 ಡಿಗ್ರಿಯ ಸ್ಟೇಜ್ ಇಲ್ಲದೆ ಮುಟ್ಟಬೇಡಿ.

ಕಂಟ್ರೋಲ್‌ಗೆ ಮೀಥೈಲ್-ಬೀಟಾ-ಸೈಕ್ಲೊಡೆಕ್ಸ್‌ಟ್ರಿನ್ ಹಾಕಿ ಕೊಲೆಸ್ಟರಾಲ್ ಕಸಿದುಕೊಳ್ಳಿ. ಆಗ ಹೊರಪೊರೆಯ ಜಿಪಿ ಇಳಿಯಲೇಬೇಕು. ಇಳಿಯದಿದ್ದರೆ ನಿಮ್ಮ ಸಂಯುಕ್ತದ ಬಗ್ಗೆ ಆಮೇಲೆ ಮಾತಾಡೋಣ.

ಜರ್ಮನಿಯಿಂದ

ನಾನು ಎಸ್‌ಎಚ್‌ಜಿ ಪಕ್ಷ. ಆದರೆ ನಿಮಗೆ ಬೇಡ ಅಂತಲೇ ಹೇಳುತ್ತೇನೆ. 1064 ನ್ಯಾನೊಮೀಟರ್ ಬೆಳಕು ಒಳಹೋಗಿ ಸರಿಯಾಗಿ 532 ಆಗಿ ಹೊರಬರುವುದು ಅಣುಗಳು ಒಂದೇ ದಿಕ್ಕಿಗೆ ಮುಖಮಾಡಿ ನಿಂತಾಗ ಮಾತ್ರ. ಎಫ್‌ಎಂ4-64 ಎಂಬ ಡೈ ಪೊರೆಯ ಎರಡು ಪದರಗಳಲ್ಲಿ ಹೊರಗಿನದರಲ್ಲಷ್ಟೇ ಕೂತರೆ ಸಿಗ್ನಲ್ ಬರುತ್ತದೆ. ಎರಡೂ ಪದರಗಳಿಗೆ ಸಮನಾಗಿ ಹಂಚಿಹೋದರೆ ಒಂದನ್ನೊಂದು ಹೊಡೆದುಹಾಕಿ ಕತ್ತಲೆ. ಪೊರೆಯ ವೋಲ್ಟೇಜು, ಎರಡು ಪದರಗಳ ಅಸಮತೆ ಕೇಳುವವರಿಗೆ ಇದು ಚಿನ್ನ. ಬಿಗಿಯೋ ಸಡಿಲವೋ ಕೇಳುವವರಿಗಲ್ಲ.

ಮಾಡಲೇಬೇಕೆಂದರೆ ಮೊದಲು ಮೈಕ್ರೊಸ್ಕೋಪಿನಲ್ಲಿ ಮುಂದಿನ ದಿಕ್ಕಿಗೆ ಡಿಟೆಕ್ಟರ್ ಇದೆಯೇ ಕೇಳಿ. ಪೊರೆಯ ಎಸ್‌ಎಚ್‌ಜಿ ಬಹುಪಾಲು ಮುಂದಕ್ಕೇ ಹೋಗುತ್ತದೆ, ನಾನು ಹಿಂದಿನ ಡಿಟೆಕ್ಟರ್ ನೋಡುತ್ತಾ ಒಂದು ವಾರ ಕೂತಿದ್ದೆ. ಅಲೈನ್‌ಮೆಂಟಿಗೆ ಆಲೂಗಡ್ಡೆ ಕೊಯ್ದು ಗಾಜಿನ ಮೇಲೆ ಒರೆಸಿ, ಪಿಷ್ಟದ ಕಣಗಳು ದೀಪದಂತೆ ಉರಿಯುತ್ತವೆ. ಅನುಮಾನ ಬಂದರೆ ಲೇಸರನ್ನು 10 ನ್ಯಾನೊಮೀಟರ್ ಸರಿಸಿ: ಎಸ್‌ಎಚ್‌ಜಿ ಸರಿಯಾಗಿ 5 ಸರಿಯುತ್ತದೆ, ಫ್ಲೋರೊಸೆನ್ಸ್ ಕದಲುವುದಿಲ್ಲ.

ಸಿಗ್ನಲ್ ಚುಕ್ಕೆಯಷ್ಟೇ ಇದೆಯೆಂದು ಅಳಬೇಡಿ. 1961ರಲ್ಲಿ ಮಿಶಿಗನ್‌ನಲ್ಲಿ ಮೊದಲ ಸಲ ಇದನ್ನು ಕಂಡಾಗ, ಆ ಚುಕ್ಕೆಯನ್ನು ಕೊಳೆ ಎಂದುಕೊಂಡು ಅಚ್ಚಿನಲ್ಲಿ ಅಳಿಸಿಬಿಟ್ಟರಂತೆ.

ಅಮೆರಿಕದಿಂದ, ಎಸ್‌ಆರ್‌ಎಸ್ (ಲೇಸರ್ ಜೋಡಿಯಿಂದ ರಾಮನ್ ಸಿಗ್ನಲ್ ಹಿಗ್ಗಿಸುವ ವಿಧಾನ) ಲ್ಯಾಬು

ಗೈಡ್ ಹೇಳಿದ್ದು ಕೇಳಲು ಚಂದ, ನಮ್ಮ ರಾಮನ್ ಹೆಸರೂ ಇದೆ. ಆದರೆ ಲೆಕ್ಕ ಹಾಕಿ. ಪೊರೆ 4–5 ನ್ಯಾನೊಮೀಟರ್ ದಪ್ಪ, ಫೋಕಸ್ಸಿನ ಆಳ ಸುಮಾರು ಒಂದು ಮೈಕ್ರಾನ್. ಕೊಬ್ಬಿನ ಸಿಎಚ್2 ಕಂಪನಕ್ಕೆ (2845 ಸೆಂ.ಮೀ⁻¹) ಟ್ಯೂನ್ ಮಾಡಿದರೆ ಝಗಮಗ ಅನ್ನುವುದು ಕೋಶದೊಳಗಿನ ಕೊಬ್ಬಿನ ಹನಿಗಳು, ಹೊರಪೊರೆ ಮಂಕು ಗೆರೆ. ಅದರ ಸೋದರ ವಿಧಾನ ಕಾರ್ಸ್‌ನಲ್ಲಿ ನೀರಿನ ಹಿನ್ನೆಲೆ ಬೇರೆ. ಒಂದೇ ಬೈಲೇಯರ್ (ಎರಡು ಪದರದ ಪೊರೆ) ನೋಡಿದವರಿದ್ದಾರೆ, ಆದರೆ ಅದು ಲ್ಯಾಬಿನ ಪ್ರೌಢಿಮೆ, ನಿಮ್ಮ 4 ಗಂಟೆಯ ಕೆಲಸವಲ್ಲ. ಮೇಲಾಗಿ ಎಸ್‌ಆರ್‌ಎಸ್, ಕಾರ್ಸ್‌ಗೆ ಒಂದಕ್ಕೊಂದು ಜೋಡಿಸಿದ ಎರಡು ಲೇಸರ್ ಬೇಕು. ಇದನ್ನೇ ಗೈಡ್‌ಗೆ ಹೇಳಿ, ಹಣದ ಮಾತು ಬೇಗ ಅರ್ಥವಾಗುತ್ತೆ.

ಧಾರವಾಡ ಕಡೆಯವ, ಮೈಕ್ರೊಸ್ಕೋಪ್ ನೋಡ್ಕೊಳ್ಳಾವ

ಎಲ್ಲಾರೂ ಡೈ ಬಗ್ಗೆ ಮಾತಾಡ್ಯಾರ, ಪವರ್ ಬಗ್ಗೆ ಯಾರೂ ಹೇಳಿಲ್ಲ ನೋಡ್ರಿ. ಪವರ್ ಎರಡು ಪಟ್ಟು ಮಾಡಿದ್ರ ಸಿಗ್ನಲ್ ನಾಕು ಪಟ್ಟು ಆಗಬೇಕು. ಆಗ್ಲಿಲ್ಲ ಅಂದ್ರ ಡೈ ಸುಡಾಕತ್ತದ, ಇಲ್ಲಾ ಡಿಟೆಕ್ಟರ್ ತುಂಬ್ಯದ. ಸಿಗ್ನಲ್ ಸಾಲಂಗಿಲ್ಲಂತ ಹುಡುಗರು ಪವರ್ ಏರಸ್ತಾರ, ಪೊರಿ ಗುಳ್ಳಿ ಗುಳ್ಳಿ ಎದ್ದ ಮ್ಯಾಲೆ "ಸರ, ಔಷಧದ ಪರಿಣಾಮ" ಅಂತಾರ! ಔಷಧ ಹಾಕದ ಕೋಶಕ್ಕೂ ಅಷ್ಟ ಹೊತ್ತು ಅದ ಲೇಸರ್ ಹೊಡೀರಿ. ಮತ್ತ, ಲೇಸರ್ ಸ್ಥಿಮಿತಕ್ಕ ಬರಾಕ ಟೈಮ್ ಹಿಡೀತದ, ನಿಮ್ಮ ಸ್ಲಾಟಿಗಿಂತ ಮೊದಲ ಆನ್ ಮಾಡಿಡಾಕ ಹೇಳ್ರಿ.

ಕೇಳಿದವರು, ಐದು ವಾರದ ನಂತರ

ಲಾರ್ಡಾನ್ ಮಾಡಿದೆ. ಸೈಕ್ಲೊಡೆಕ್ಸ್‌ಟ್ರಿನ್‌ಗೆ ಜಿಪಿ ಚೆನ್ನಾಗಿ ಇಳಿಯಿತು. ನನ್ನ ಸಂಯುಕ್ತ ಹಾಕಿದಾಗ ಜಿಪಿ ಜೋರಾಗಿ ಏರಿತು, ಕುಣಿದಾಡಿದೆ. ಆಮೇಲೆ ಡೈ ಇಲ್ಲದ ಕೋಶಕ್ಕೂ ಸಂಯುಕ್ತ ಹಾಕಿ ನೋಡಿದರೆ ನೀಲಿ ಚಾನೆಲ್ ಹಾಗೇ ಬೆಳಗುತ್ತಿದೆ. ಹೊಳೆಯುತ್ತಿರೋದು ಸಂಯುಕ್ತವೇ! ಗೈಡ್ ನಕ್ಕರು, ನನಗೆ ನಗು ಬರಲಿಲ್ಲ.

ಬೆಂಗಳೂರಿನಿಂದ

ಅಯ್ಯೋ, ಗಿಡದ ಸಂಯುಕ್ತ ಅಂದಾಗಲೇ ನನಗೆ ಹೊಳೆಯಬೇಕಿತ್ತು. ಡೈ-4-ಎಎನ್‌ಇಪಿಪಿಡಿಎಚ್‌ಕ್ಯೂ ಎಂಬ ಇನ್ನೊಂದು ಡೈಗೆ ಬದಲಾಯಿಸಿ. ಅದು 500–580 ಮತ್ತು 620–750ರಲ್ಲಿ ನೋಡುವಂಥದ್ದು, ನೀಲಿಯ ತಂಟೆಯಿಲ್ಲ. 488ರ ಲೇಸರ್ ಇರುವ ಮಾಮೂಲಿ ಕಾನ್‌ಫೋಕಲ್ ಮೈಕ್ರೊಸ್ಕೋಪಿನಲ್ಲೂ ನಡೆಯುತ್ತೆ, ಸ್ಲಾಟಿಗೆ ಕಾಯಬೇಕಿಲ್ಲ. ಆದರೆ ಅದು ಪೊರೆಯ ವೋಲ್ಟೇಜಿಗೂ ಬಾಗುವ ಡೈ. ಪೊಟ್ಯಾಸಿಯಮ್ ಹೆಚ್ಚಿಸಿದ ಬಫರ್‌ನಲ್ಲಿ ಒಂದು ಕಂಟ್ರೋಲ್ ಇಟ್ಟುಕೊಳ್ಳಿ. ಡೈ ಇಲ್ಲದ ಕೋಶ ಈ ಸಲ ಮೊದಲ ಡಿಶ್ ಆಗಲಿ, ಕೊನೆಯದಲ್ಲ.